ಅಂತರಜಾಲ ಮಧ್ಯವರ್ತಿ ಸೇವೆಗಳು: ಪಡಿಯಚ್ಚುಗಳಿಂದ ವ್ಯಾಪಾರ ಮಾದರಿಯ ರಚನೆ

ಬೆಳಗಾವಿಯ ಉದ್ಯಮಬಾಗ್ ಅಥವಾ ಮಚ್ಛೆ ಕೈಗಾರಿಕಾ ಪ್ರದೇಶದ ಎರಕದ ಕಾರ್ಖಾನೆಯೊಂದಕ್ಕೆ ಹೊಸ ಬಿಡಿಭಾಗದ ಬೇಡಿಕೆ ಬಂದಾಗ ಮಾಲೀಕರು ಮೊದಲು ಕೇಳುವ ಪ್ರಶ್ನೆ ‘ಪ್ಯಾಟರ್ನ್ ಇದೆಯೇ?’ ಎಂಬುದು. ಮರದಲ್ಲಿಯೋ ಅಲ್ಯೂಮಿನಿಯಮ್ಮಿನಲ್ಲಿಯೋ ಒಮ್ಮೆ ಸಿದ್ಧಪಡಿಸಿದ ಪ್ಯಾಟರ್ನನ್ನು ಮರಳಿನಲ್ಲಿ ಒತ್ತಿ ಮತ್ತೆ ಮತ್ತೆ ಅಚ್ಚು ತೆಗೆಯಬಹುದು. ಪ್ರತಿ ಬೇಡಿಕೆಗೂ ಹೊಸದಾಗಿ ಕೆತ್ತುವ ಶ್ರಮ ಉಳಿಯುತ್ತದೆ. ಆದರೆ ಪ್ಯಾಟರ್ನ್ ತಯಾರಿಸುವವನು ಅದನ್ನು ಬೇಕಾದ ಅಳತೆಗಿಂತ ತುಸು ದೊಡ್ಡದಾಗಿಯೇ ಮಾಡುತ್ತಾನೆ. ಲೋಹವು ತಣಿಯುವಾಗ ಕುಗ್ಗುವುದೇ ಇದಕ್ಕೆ ಕಾರಣ. ಬೀಡುಕಬ್ಬಿಣಕ್ಕೆ ಸುಮಾರು ಶೇಕಡ 1ರಷ್ಟು, ಉಕ್ಕಿಗೆ ಸುಮಾರು ಶೇಕಡ 2ರಷ್ಟು ಹೆಚ್ಚುವರಿ ಅಳತೆ ನೀಡುವುದು ವಾಡಿಕೆ. ಬೀಡಿಗೆಂದು ಮಾಡಿದ ಪ್ಯಾಟರ್ನಿನಲ್ಲಿ ಉಕ್ಕು ಹೊಯ್ದರೆ ಭಾಗವೇನೋ ಹೊರಬರುತ್ತದೆ, ಆದರೆ ಅಳತೆ ತಪ್ಪಿರುತ್ತದೆ.

ವ್ಯಾಪಾರ ಮಾದರಿಗಳ ರಚನೆಯಲ್ಲಿಯೂ ಇಂತಹ ಪ್ಯಾಟರ್ನುಗಳು, ಅರ್ಥಾತ್ ಪಡಿಯಚ್ಚುಗಳು, ಬಳಕೆಗೆ ಬಂದು ಕಾಲು ಶತಮಾನಕ್ಕೂ ಹೆಚ್ಚು ಕಾಲವಾಗಿದೆ. ಮರುಬಳಕೆಯ ಪಡಿಯಚ್ಚು ಎಂಬ ಕಲ್ಪನೆಯನ್ನು 1977ರಲ್ಲಿ ಕಟ್ಟಡ ಹಾಗೂ ನಗರಗಳ ವಿನ್ಯಾಸಕ್ಕಾಗಿ ವಿಸ್ತಾರವಾಗಿ ಮಂಡಿಸಿದವರು ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್. 1990ರ ದಶಕದಲ್ಲಿ ತಂತ್ರಾಂಶ ರಚನಕಾರರು ಅದನ್ನು ಎರವಲು ಪಡೆದರು. ಅಂತರಜಾಲ ವಾಣಿಜ್ಯಕ್ಕೆ ಸಂಬಂಧಿಸಿದಂತೆ 1998ರಲ್ಲಿ ಪಾಲ್ ಟಿಮ್ಮರ್ಸ್ ಎಂಬ ಯುರೋಪಿನ ವಿದ್ವಾಂಸರು 11 ಬಗೆಯ ಮಾದರಿಗಳನ್ನು ವಿಂಗಡಿಸಿದರು. ಅಮೆರಿಕದ ಮೈಕೆಲ್ ರಾಪ್ಪಾ ಅವರು ಒಂಬತ್ತು ವರ್ಗಗಳನ್ನು ಗುರುತಿಸಿದರು. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ವಿಶ್ವವಿದ್ಯಾಲಯದ ಸಂಶೋಧಕರು ಮುಂದೆ 55 ಪಡಿಯಚ್ಚುಗಳ ಪಟ್ಟಿಯನ್ನೇ ಪ್ರಕಟಿಸಿ, ಹೊಸದೆಂದು ಕಾಣುವ ವ್ಯಾಪಾರ ಮಾದರಿಗಳಲ್ಲಿ ಬಹುಪಾಲು ಹಳೆಯವುಗಳ ಮರುಜೋಡಣೆಯೇ ಎಂದು ತೋರಿಸಿದರು. ಪಟ್ಟಿಗಳಿಗೆ ಕೊರತೆಯಿಲ್ಲ. ಯಾವ ಪಡಿಯಚ್ಚು ಯಾವ ಸರಕಿಗೆ ಒಗ್ಗುತ್ತದೆ, ಎಲ್ಲಿ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕವೇ ಸಾಮಾನ್ಯವಾಗಿ ಕೊರತೆಯಾಗಿರುವುದು. ವರ್ತಕರ ಸಂಘಗಳು, ಸಣ್ಣ ಉದ್ದಿಮೆದಾರರ ಕೂಟಗಳು ತಮ್ಮದೇ ಜಾಲತಾಣವನ್ನು ಆರಂಭಿಸಿ ಎರಡು ವರ್ಷಗಳಲ್ಲಿ ಮುಚ್ಚುವುದಕ್ಕೆ ತಂತ್ರಜ್ಞಾನದ ಲೋಪಕ್ಕಿಂತ ಈ ಲೆಕ್ಕದ ಲೋಪವೇ ಹೆಚ್ಚಾಗಿ ಕಾರಣವಾಗುತ್ತದೆ.

ದಲಾಲಿ ಅಂಗಡಿಯ ಐದು ಕೆಲಸಗಳು

ಮಧ್ಯವರ್ತಿ ಸೇವೆಯನ್ನು ಅರಿಯಲು ಅಂತರಜಾಲದವರೆಗೆ ಹೋಗಬೇಕಾದ ಅಗತ್ಯವಿಲ್ಲ. ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣದ ದಲಾಲಿ ಅಂಗಡಿಯೊಂದನ್ನು ಗಮನಿಸಿದರೆ ಸಾಕು. ಅಲ್ಲಿ ದಲಾಲರು ಒಂದೇ ಗಾದಿಯ ಮೇಲೆ ಕುಳಿತು ಕನಿಷ್ಠ ಐದು ಕೆಲಸಗಳನ್ನು ನಿರ್ವಹಿಸುತ್ತಾರೆ. ಮಾರುವವರನ್ನೂ ಕೊಳ್ಳುವವರನ್ನೂ ಒಂದೆಡೆ ಸೇರಿಸುತ್ತಾರೆ. ಟೆಂಡರು ಅಥವಾ ಹರಾಜಿನ ಮೂಲಕ ಧಾರಣೆ ನಿಗದಿಯಾಗಲು ಅನುವು ಮಾಡಿಕೊಡುತ್ತಾರೆ. ತೂಕ ಮತ್ತು ಗುಣಮಟ್ಟದ ಬಗ್ಗೆ ಎರಡೂ ಕಡೆಯವರಿಗೆ ಭರವಸೆಯಾಗಿ ನಿಲ್ಲುತ್ತಾರೆ. ಖರೀದಿದಾರನ ಹಣ ಹದಿನೈದು ದಿನ ತಡವಾದರೂ ರೈತನಿಗೆ ಪಟ್ಟಿಯ ಮೊತ್ತವನ್ನು ಮೊದಲೇ ಸಲ್ಲಿಸುತ್ತಾರೆ. ಐದನೆಯದಾಗಿ, ಬಿತ್ತನೆಯ ಕಾಲಕ್ಕೆ ಮುಂಗಡ ನೀಡುತ್ತಾರೆ. ಈ ಮುಂಗಡವೇ ಮುಂದಿನ ಹಂಗಾಮಿನ ಮಾಲು ಅದೇ ಅಂಗಡಿಗೆ ಬರುವಂತೆ ನೋಡಿಕೊಳ್ಳುತ್ತದೆ. ಇಷ್ಟೆಲ್ಲಕ್ಕೂ ಸಿಗುವ ಪ್ರತಿಫಲ ಒಂದೇ, ದಲಾಲಿ.

ಅಂತರಜಾಲವು ಮಾಡಿದ ಮುಖ್ಯ ಬದಲಾವಣೆಯೆಂದರೆ ಈ ಐದು ಕೆಲಸಗಳನ್ನು ಒಂದರಿಂದೊಂದು ಬಿಡಿಸಿದ್ದು. ಸೇರಿಸುವ ಕೆಲಸ ಮಾತ್ರ ಮಾಡುವ ತಾಣಗಳು, ಹರಾಜು ಮಾತ್ರ ನಡೆಸುವ ತಾಣಗಳು, ಹಣದ ಭರವಸೆ ಮಾತ್ರ ನೀಡುವ ಸೇವೆಗಳು ಪ್ರತ್ಯೇಕವಾಗಿ ಹುಟ್ಟಿಕೊಂಡವು. ಬಿಡಿಸಿದ ಪ್ರತಿಯೊಂದು ಕೆಲಸಕ್ಕೂ ತನ್ನದೇ ಆದ ಖರ್ಚಿದೆ, ಅದಕ್ಕೆ ಹಣ ತೆರಲು ಒಪ್ಪುವ ಪಕ್ಷವೂ ಬೇರೆಯಾಗಿದೆ. ‘ನಾವು ಆನ್‌ಲೈನ್ ಮಂಡಿ ಆರಂಭಿಸುತ್ತೇವೆ, ಶೇಕಡ 3 ಕಮಿಷನ್ ಪಡೆಯುತ್ತೇವೆ’ ಎಂದು ಹೊರಡುವವರು ಹಳೆಯ ದಲಾಲಿಯ ದರವನ್ನು ನಕಲು ಮಾಡಿರುತ್ತಾರೆಯೇ ಹೊರತು ಆ ದರದ ಹಿಂದಿದ್ದ ಉದ್ರಿಯನ್ನಾಗಲಿ ಮುಂಗಡವನ್ನಾಗಲಿ ನಕಲು ಮಾಡಿರುವುದಿಲ್ಲ.

ಆದ್ದರಿಂದ ಯಾವುದೇ ಪಡಿಯಚ್ಚನ್ನು ಆರಿಸುವ ಮುನ್ನ ಒಂದು ಪ್ರಶ್ನೆಗೆ ಉತ್ತರ ದೊರೆಯಬೇಕು: ಮಾರುವವನಿಗೂ ಕೊಳ್ಳುವವನಿಗೂ ಒಮ್ಮೆ ಪರಿಚಯವಾದ ಮೇಲೆ, ಎರಡನೆಯ ವಹಿವಾಟಿಗೆ ಮಧ್ಯವರ್ತಿಯ ಅಗತ್ಯ ಉಳಿಯುತ್ತದೆಯೇ? ಉಳಿಯುವುದಾದರೆ ಏತಕ್ಕಾಗಿ?

ಕಮಿಷನ್ ಎಲ್ಲಿ ನಿಲ್ಲುತ್ತದೆ, ಎಲ್ಲಿ ಸೋರುತ್ತದೆ

ಬೆಂಗಳೂರಿನಲ್ಲಿ 2006ರಲ್ಲಿ ಮೂವರು ತರುಣ ಎಂಜಿನಿಯರುಗಳು ಆರಂಭಿಸಿದ ರೆಡ್‌ಬಸ್ ಸಂಸ್ಥೆಯು ವಹಿವಾಟಿನ ಮೇಲೆ ಕಮಿಷನ್ ಪಡೆಯುವ ಪಡಿಯಚ್ಚಿಗೆ ಉತ್ತಮ ಉದಾಹರಣೆ. ಅದಕ್ಕೂ ಮೊದಲು ಖಾಸಗಿ ಬಸ್ಸಿನ ಆಸನಗಳು ಏಜೆಂಟರ ನಡುವೆ ಹಂಚಿಹೋಗಿದ್ದವು. ಒಬ್ಬ ಏಜೆಂಟನಲ್ಲಿ ಆಸನವಿಲ್ಲವೆಂದ ಮಾತ್ರಕ್ಕೆ ಬಸ್ಸು ತುಂಬಿದೆಯೆಂದು ಹೇಳುವಂತಿರಲಿಲ್ಲ. ಬಸ್ಸು ಹೊರಟ ಕ್ಷಣದಲ್ಲಿ ಖಾಲಿ ಆಸನದ ಬೆಲೆ ಸೊನ್ನೆಯಾಗುತ್ತದೆ. ಆದ್ದರಿಂದ ತುಂಬಿಸಿಕೊಟ್ಟವರಿಗೆ ಕಮಿಷನ್ ತೆರಲು ಮಾಲೀಕರು ಹಿಂಜರಿಯಲಿಲ್ಲ. ಸಂಸ್ಥೆಯು ಬಸ್ ಮಾಲೀಕರಿಗೆ ಆಸನಗಳ ಲೆಕ್ಕವಿಡುವ ತಂತ್ರಾಂಶವನ್ನೂ ಒದಗಿಸಿತು, ಏಜೆಂಟರಿಗೂ ಅದೇ ವ್ಯವಸ್ಥೆಯ ಮೂಲಕ ಟಿಕೆಟ್ ಮಾರುವ ಅವಕಾಶ ನೀಡಿತು. ಹಳೆಯ ಮಧ್ಯವರ್ತಿಗಳನ್ನು ಹೊರದೂಡದೆ ಒಳಗೆ ಸೇರಿಸಿಕೊಂಡ ಈ ನಡೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಇಲ್ಲಿ ಕಮಿಷನ್ ಸೋರಿಹೋಗದಿರಲು ಕಾರಣವಿದೆ. ಪ್ರಯಾಣಿಕನು ಒಮ್ಮೆ ಮಂಗಳೂರಿಗೆ, ಮತ್ತೊಮ್ಮೆ ಹೈದರಾಬಾದಿಗೆ ಹೋಗುತ್ತಾನೆ. ಪ್ರತಿ ಬಾರಿಯೂ ಬಸ್ಸು ಬೇರೆ, ಸಮಯ ಬೇರೆ. ಮೊತ್ತ ಚಿಕ್ಕದು. ಮಾಲೀಕನ ದೂರವಾಣಿ ಸಂಖ್ಯೆ ಹುಡುಕಿ ನೇರವಾಗಿ ವ್ಯವಹರಿಸುವುದರಿಂದ ಉಳಿಯುವ ಹಣಕ್ಕಿಂತ ಶ್ರಮವೇ ಹೆಚ್ಚು. ಎರಡನೆಯ ವಹಿವಾಟಿಗೂ ಮಧ್ಯವರ್ತಿ ಬೇಕೇ ಬೇಕು.

ಕೈಗಾರಿಕಾ ಸರಕಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಪುಣೆಯ ಪಂಪು ತಯಾರಕರೊಬ್ಬರಿಗೆ ಹುಬ್ಬಳ್ಳಿಯ ಲೇತ್ ಘಟಕವೊಂದು ಒಮ್ಮೆ ಸರಿಯಾದ ಅಳತೆಯಲ್ಲಿ ಶಾಫ್ಟ್ ಮಾಡಿಕೊಟ್ಟರೆ, ಮುಂದಿನ ಹತ್ತು ವರ್ಷ ಅವರಿಬ್ಬರೂ ನೇರವಾಗಿಯೇ ವ್ಯವಹರಿಸುತ್ತಾರೆ. ಮೊತ್ತ ದೊಡ್ಡದಾದಷ್ಟೂ, ವಹಿವಾಟು ಮರುಕಳಿಸಿದಷ್ಟೂ ಮಧ್ಯವರ್ತಿಯನ್ನು ದಾಟಿಹೋಗುವ ಆಸೆ ಹೆಚ್ಚುತ್ತದೆ. ಕರಾರಿನಲ್ಲಿ ನಿಷೇಧದ ವಾಕ್ಯ ಬರೆದು ಇದನ್ನು ತಡೆಯಬಹುದೆಂಬ ನಂಬಿಕೆ ವ್ಯಾಪಾರ ಬಲ್ಲವರಲ್ಲಿ ಇರಲಾರದು.

ಇದೇ ಕಾರಣದಿಂದ ತಯಾರಕರು ಮತ್ತು ಸಗಟು ವರ್ತಕರ ನಡುವಿನ ತಾಣಗಳಲ್ಲಿ ಚಂದಾ ಪಡಿಯಚ್ಚು ಹೆಚ್ಚು ಬಾಳಿಕೆ ಬಂದಿದೆ. 1996ರಲ್ಲಿ ಆರಂಭವಾದ ಇಂಡಿಯಾಮಾರ್ಟ್, ಮಾರಾಟಗಾರರಿಂದ ವಾರ್ಷಿಕ ಅಥವಾ ಮಾಸಿಕ ಚಂದಾ ಪಡೆದು ಅವರ ಸರಕನ್ನು ಪ್ರದರ್ಶಿಸಿ, ಖರೀದಿದಾರರ ವಿಚಾರಣೆಗಳನ್ನು ಅವರಿಗೆ ತಲುಪಿಸುವ ದಾರಿ ಹಿಡಿಯಿತು. ವಹಿವಾಟು ಕುದುರಿತೇ, ಎಷ್ಟಕ್ಕೆ ಕುದುರಿತು, ಹಣ ಯಾವಾಗ ಸಂದಾಯವಾಯಿತು ಎಂಬುದು ಈ ಮಾದರಿಯ ಆದಾಯವನ್ನು ನೇರವಾಗಿ ತಟ್ಟುವುದಿಲ್ಲ. ಸಂಸ್ಥೆಯು 2019ರಲ್ಲಿ ಷೇರುಪೇಟೆ ಪ್ರವೇಶಿಸಿದಾಗಲೂ ಆದಾಯದ ಬೆನ್ನೆಲುಬು ಚಂದಾ ಹಣವೇ ಆಗಿತ್ತು. ಇದರ ದೌರ್ಬಲ್ಯವೂ ಅಲ್ಲಿಯೇ ಇದೆ. ಒಂದೇ ವಿಚಾರಣೆ ಹಲವು ಮಾರಾಟಗಾರರ ಕೈ ಸೇರುವುದರಿಂದ ದರದ ಪೈಪೋಟಿ ತೀವ್ರಗೊಳ್ಳುತ್ತದೆ. ವರ್ಷಾಂತ್ಯದಲ್ಲಿ ಸಣ್ಣ ಉದ್ದಿಮೆದಾರನು ತೆತ್ತ ಚಂದಾ ಮತ್ತು ಬಂದ ಆರ್ಡರುಗಳನ್ನು ತಾಳೆ ಹಾಕಿ, ಅತೃಪ್ತನಾದರೆ ಸದಸ್ಯತ್ವ ಬಿಡುತ್ತಾನೆ. ಕಮಿಷನ್ ಮಾದರಿಯಲ್ಲಿ ವಹಿವಾಟು ಸೋರಿದರೆ, ಚಂದಾ ಮಾದರಿಯಲ್ಲಿ ಸದಸ್ಯರು ಸೋರುತ್ತಾರೆ.

ಒಂದೇ ಸೇವೆಯಲ್ಲಿ ಒಂದು ಪಡಿಯಚ್ಚನ್ನು ತೆಗೆದು ಮತ್ತೊಂದನ್ನು ಕೂರಿಸಿದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ಆಟೋರಿಕ್ಷಾ ಸೇವೆಗಳು ಸಾಕ್ಷಿ. 2022ರ ನವೆಂಬರಿನಲ್ಲಿ ಬಂದ ‘ನಮ್ಮ ಯಾತ್ರಿ’ಯು ಪ್ರತಿ ಪ್ರಯಾಣದ ಮೇಲಿನ ಕಮಿಷನ್ನನ್ನು ಕೈಬಿಟ್ಟಿತು. ಮರುವರ್ಷ ಚಾಲಕರಿಂದ ದಿನಕ್ಕೆ 25 ರೂಪಾಯಿ ಅಥವಾ ಪ್ರಯಾಣಕ್ಕೆ ಮೂರೂವರೆ ರೂಪಾಯಿಯ ಶುಲ್ಕವನ್ನು ಗೊತ್ತುಪಡಿಸಿತು. ಪ್ರಯಾಣಿಕನು ಹಣವನ್ನು ನೇರವಾಗಿ ಚಾಲಕನಿಗೇ ಕೊಡುತ್ತಾನೆ. ದೊಡ್ಡ ಸಂಸ್ಥೆಗಳೂ ಕೆಲವೇ ವರ್ಷಗಳಲ್ಲಿ ಆಟೋಗಳ ಮಟ್ಟಿಗೆ ಇದೇ ಬಗೆಯ ಶುಲ್ಕಕ್ಕೆ ಬರಬೇಕಾಯಿತು. ಆದರೆ ಹಣ ತನ್ನ ಕೈಯಿಂದ ಹಾಯದ ಮೇಲೆ ಮಧ್ಯವರ್ತಿಗೆ ದರ ನಿಗದಿಯ ಮೇಲಾಗಲಿ, ಪ್ರಯಾಣ ರದ್ದುಪಡಿಸುವ ಚಾಲಕನ ಮೇಲಾಗಲಿ ಹಿಡಿತ ಸಡಿಲವಾಗುತ್ತದೆ. ಆದಾಯದ ಪಡಿಯಚ್ಚು ಬದಲಾದಾಗ ಹೊಣೆಗಾರಿಕೆಯ ಪಡಿಯಚ್ಚೂ ಬದಲಾಗುತ್ತದೆಂಬುದನ್ನು ವಿನ್ಯಾಸಕಾರರು ಗಮನಿಸಬೇಕು.

ಹರಾಜು: ಮೊದಲು ಗುಣಮಟ್ಟ, ನಂತರ ಧಾರಣೆ

ಹರಾಜಿನ ಪಡಿಯಚ್ಚು ಅಂತರಜಾಲಕ್ಕೆ ಅತ್ಯಂತ ಸಹಜವಾಗಿ ಹೊಂದುವಂತೆ ತೋರುತ್ತದೆ. ದೂರದ ಖರೀದಿದಾರರೂ ಭಾಗವಹಿಸಬಹುದು, ಒಳಒಪ್ಪಂದದ ಭಯ ಕಡಿಮೆ. 2001ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ ಮತ್ತು ಟಾಟಾ ಸ್ಟೀಲ್ ಸಂಸ್ಥೆಗಳು ಸಮಪಾಲಿನ ಬಂಡವಾಳದಲ್ಲಿ ಕೋಲ್ಕತ್ತದಲ್ಲಿ ಸ್ಥಾಪಿಸಿದ ಮೆಟಲ್‌ಜಂಕ್ಷನ್, ಉಕ್ಕಿನ ಇ-ಹರಾಜಿನಿಂದ ಆರಂಭಿಸಿ ಕಲ್ಲಿದ್ದಲು ಮುಂತಾದ ಸರಕುಗಳಿಗೂ ವಿಸ್ತರಿಸಿ ಎಂಜಂಕ್ಷನ್ ಎಂಬ ಹೆಸರಿನಲ್ಲಿ ಬೆಳೆಯಿತು. ಅದೇ ಕಾಲದಲ್ಲಿ ವಿದೇಶಗಳಲ್ಲಿ ತಲೆಯೆತ್ತಿದ ಎಷ್ಟೋ ಸ್ವತಂತ್ರ ಲೋಹ ಮಾರುಕಟ್ಟೆ ತಾಣಗಳು ನೆಲಕಚ್ಚಿದವು. ವ್ಯತ್ಯಾಸ ಸ್ಪಷ್ಟ: ಮೆಟಲ್‌ಜಂಕ್ಷನ್ನಿಗೆ ಮೊದಲ ದಿನದಿಂದಲೇ ಮಾಲು ಒದಗಿಸುವ ಇಬ್ಬರು ದೊಡ್ಡ ಮಾರಾಟಗಾರರು ಮಾಲೀಕರೇ ಆಗಿದ್ದರು. ಮಾರಾಟಗಾರರಿಲ್ಲದೆ ಖರೀದಿದಾರರಿಲ್ಲ, ಖರೀದಿದಾರರಿಲ್ಲದೆ ಮಾರಾಟಗಾರರಿಲ್ಲ ಎಂಬ ತೊಡಕನ್ನು ಅವರು ಎದುರಿಸಬೇಕಾಗಲಿಲ್ಲ.

ಮಾಲೀಕತ್ವವೇ ಮುಳುವಾದ ನಿದರ್ಶನವೂ ಇದೆ. 2000ದಲ್ಲಿ ಜನರಲ್ ಮೋಟಾರ್ಸ್, ಫೋರ್ಡ್ ಮತ್ತು ಡೈಮ್ಲರ್ ಕ್ರೈಸ್ಲರ್ ಒಗ್ಗೂಡಿ ಬಿಡಿಭಾಗಗಳ ಖರೀದಿಗೆಂದು ಕೋವಿಸಿಂಟ್ ಎಂಬ ತಾಣವನ್ನು ಸ್ಥಾಪಿಸಿದವು. ಇಲ್ಲಿ ನಡೆದದ್ದು ಇಳಿಕೆಯ ಹರಾಜು. ಕಡಿಮೆ ದರ ಕೂಗಿದವನಿಗೆ ಆರ್ಡರ್. ಬಿಡಿಭಾಗ ತಯಾರಕರ ದೃಷ್ಟಿಯಲ್ಲಿ ಇದು ತಮ್ಮ ಲಾಭವನ್ನು ಹಿಂಡಲು ಖರೀದಿದಾರರೇ ಕಟ್ಟಿದ ಯಂತ್ರವಾಗಿತ್ತು. ಅವರು ಮನಸ್ಸಿಟ್ಟು ಬರಲಿಲ್ಲ. 2004ರ ಹೊತ್ತಿಗೆ ಅದರ ಹರಾಜು ವಿಭಾಗ ಒಬ್ಬರಿಗೆ, ಉಳಿದ ಭಾಗ ಇನ್ನೊಬ್ಬರಿಗೆ ಮಾರಾಟವಾಯಿತು. ಸರಕು ಯಾರದೋ ಅವರೇ ತಾಣದ ಒಡೆಯರಾಗಿದ್ದುದು ಉಕ್ಕಿಗೆ ಒಗ್ಗಿತು. ಕೊಳ್ಳುವವರೇ ಒಡೆಯರಾಗಿದ್ದುದು ವಾಹನದ ಬಿಡಿಭಾಗಗಳಿಗೆ ಒಗ್ಗಲಿಲ್ಲ.

ಕರ್ನಾಟಕದ ಅನುಭವ ಇನ್ನಷ್ಟು ಬೋಧಪ್ರದವಾಗಿದೆ. ರಾಜ್ಯ ಸರ್ಕಾರ ಹಾಗೂ ಎನ್‌ಸಿಡಿಇಎಕ್ಸ್ ಸಮೂಹದ ಸಂಸ್ಥೆಯ ಜಂಟಿ ಉದ್ಯಮವಾದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಜಾರಿಗೆ ತಂದಿತು. ಒಂದೊಂದೇ ಪ್ರಾಂಗಣವು ಈ ವೇದಿಕೆಗೆ ಸೇರಿತು. ಲಾಟುಗಳ ವಿವರ ಗಣಕಯಂತ್ರಕ್ಕೆ ಏರಿ, ಖರೀದಿದಾರರು ಅಲ್ಲಿಯೇ ಧಾರಣೆ ನಮೂದಿಸುವ ಪದ್ಧತಿ ಬಂದಿತು. 2016ರ ಏಪ್ರಿಲ್ 14ರಂದು ಆರಂಭವಾದ ಕೇಂದ್ರದ ಇ-ನಾಮ್ ಯೋಜನೆಗೂ ಈ ಅನುಭವ ಮಾದರಿಯಾಯಿತು. 2020ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಈ ವೇದಿಕೆಯಿಂದ ಭತ್ತದ ಧಾರಣೆ ಶೇಕಡ 5.1, ಶೇಂಗಾ ಶೇಕಡ 3.6, ಮೆಕ್ಕೆಜೋಳ ಶೇಕಡ 3.5ರಷ್ಟು ಏರಿತು. ಆದರೆ ಹತ್ತಿ, ಹೆಸರು ಮತ್ತು ತೊಗರಿಯಲ್ಲಿ ಗಣನೀಯ ಏರಿಕೆ ಕಂಡುಬರಲಿಲ್ಲ.

ಒಂದೇ ತಂತ್ರಾಂಶ, ಒಂದೇ ಕಾನೂನು, ಒಂದೇ ಬಗೆಯ ಪ್ರಾಂಗಣ. ಫಲಿತಾಂಶ ಮಾತ್ರ ಸರಕಿನಿಂದ ಸರಕಿಗೆ ಬೇರೆ. ದೂರದ ಖರೀದಿದಾರನು ಕಾಣದ ಮಾಲಿಗೆ ಧಾರಣೆ ಕೂಗಬೇಕಾದರೆ ಗುಣವಿಶ್ಲೇಷಣೆಯ ವರದಿಯನ್ನು ನಂಬಬೇಕು. ನಂಬಿಕೆಯಿಲ್ಲದಿದ್ದಲ್ಲಿ ಅವನು ಪ್ರಾಂಗಣಕ್ಕೇ ಬಂದು, ಚೀಲಕ್ಕೆ ಕೈಹಾಕಿ, ಅಂಗೈಯಲ್ಲಿ ಕಾಳು ನೋಡಿದ ಮೇಲೆಯೇ ಗಣಕಯಂತ್ರದ ಮುಂದೆ ಕೂರುತ್ತಾನೆ. ಆಗ ಹರಾಜು ವಿದ್ಯುನ್ಮಾನವಾದರೂ ಮಾರುಕಟ್ಟೆ ಸ್ಥಳೀಯವಾಗಿಯೇ ಉಳಿಯುತ್ತದೆ. ಪೈಪೋಟಿ ಹೆಚ್ಚದ ಮೇಲೆ ಧಾರಣೆ ಏರುವುದಾದರೂ ಹೇಗೆ? ಹರಾಜಿನ ಪಡಿಯಚ್ಚಿಗೆ ಗುಣಮಟ್ಟ ಪ್ರಮಾಣೀಕರಣದ ಪಡಿಯಚ್ಚು ಜೊತೆಯಾಗಿ ಬರಲೇಬೇಕು, ಅದೂ ಮೊದಲೇ ಬರಬೇಕು.

ಹಣದ ಭರವಸೆ

ಚೀನಾದಲ್ಲಿ 2003ರಲ್ಲಿ ಅಲಿಬಾಬಾ ಸಮೂಹ ಆರಂಭಿಸಿದ ತಾವೊಬಾವೊ ತಾಣವು ಮಾರಾಟಗಾರರಿಂದ ಪ್ರದರ್ಶನ ಶುಲ್ಕವನ್ನು ಪಡೆಯಲಿಲ್ಲ. ಎದುರಾಳಿಯಾದ ಈಬೇ ಶುಲ್ಕ ವಿಧಿಸುತ್ತಿತ್ತು. ಉಚಿತ ಸೇವೆಯಿಂದಲೇ ತಾವೊಬಾವೊ ಗೆದ್ದಿತೆಂದು ಹೇಳುವುದುಂಟು. ಅದು ಅರ್ಧ ಸತ್ಯ. ಕೊಳ್ಳುವವನ ಹಣವನ್ನು ತಡೆಹಿಡಿದು, ಸರಕು ಕೈಸೇರಿ ಅವನು ಒಪ್ಪಿಗೆ ಸೂಚಿಸಿದ ಮೇಲೆ ಮಾತ್ರ ಮಾರಾಟಗಾರನಿಗೆ ಬಿಡುಗಡೆ ಮಾಡುವ ಅಲಿಪೇ ವ್ಯವಸ್ಥೆ ಅದರೊಂದಿಗೆ ಬೆಳೆಯಿತು. ಅಪರಿಚಿತರ ನಡುವಿನ ಅಪನಂಬಿಕೆಯೇ ದೊಡ್ಡ ತಡೆಯಾಗಿದ್ದಲ್ಲಿ ಆ ತಡೆಯನ್ನು ತೆಗೆದವನ ಬಳಿ ಎರಡೂ ಕಡೆಯವರು ಉಳಿದರು. 2006ರ ಕೊನೆಗೆ ಈಬೇ ಚೀನಾದ ತನ್ನ ಸ್ವತಂತ್ರ ತಾಣವನ್ನು ಕೈಬಿಟ್ಟಿತು.

ಭಾರತದಲ್ಲಿ ಈ ಪಡಿಯಚ್ಚನ್ನು ಬಳಸುವವರು ರಿಸರ್ವ್ ಬ್ಯಾಂಕಿನ ನಿಯಮಗಳನ್ನು ಮರೆಯುವಂತಿಲ್ಲ. ಆ ನಿಯಮಗಳ ಅನ್ವಯ ಇತರರ ಪರವಾಗಿ ಹಣ ಸಂಗ್ರಹಿಸಿ ವರ್ತಕರಿಗೆ ತಲುಪಿಸುವ ಬ್ಯಾಂಕೇತರ ಸಂಸ್ಥೆಗೆ ಪರವಾನಗಿ ಬೇಕು, ಹಣವನ್ನು ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿ ಇಡಬೇಕು, ಮಾರುಕಟ್ಟೆ ತಾಣವು ಈ ಕೆಲಸವನ್ನು ತನ್ನ ಮೂಲ ವ್ಯವಹಾರದಿಂದ ಬೇರ್ಪಡಿಸಬೇಕು. ಸಣ್ಣ ಸಂಘವೊಂದು ತನ್ನದೇ ಉಳಿತಾಯ ಖಾತೆಯಲ್ಲಿ ಸದಸ್ಯರ ಹಣವನ್ನು ‘ತಾತ್ಕಾಲಿಕವಾಗಿ’ ಇಟ್ಟುಕೊಳ್ಳುವ ಯೋಜನೆ ಮಾಡದಿರುವುದು ಕ್ಷೇಮ. ಪರವಾನಗಿ ಪಡೆದ ಸಂಸ್ಥೆಯ ಸೇವೆಯನ್ನು ಬಾಡಿಗೆಗೆ ಪಡೆಯುವುದೇ ದಾರಿ.

ಸಣ್ಣ ತಯಾರಕರ ಮಟ್ಟಿಗೆ ಹಣದ ಭರವಸೆಯ ಅತ್ಯುತ್ತಮ ಜೋಡಣೆಯೆಂದರೆ ರಿಸರ್ವ್ ಬ್ಯಾಂಕ್ 2014ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದ ಟ್ರೆಡ್ಸ್ ವ್ಯವಸ್ಥೆ. ಮೊದಲ ವೇದಿಕೆ 2017ರಲ್ಲಿ ಕಾರ್ಯಾರಂಭ ಮಾಡಿತು. ಸಣ್ಣ ಘಟಕವು ದೊಡ್ಡ ಕಂಪನಿಗೆ ಮಾಲು ಪೂರೈಸಿದ ಬಿಲ್ಲನ್ನು ವೇದಿಕೆಯಲ್ಲಿ ದಾಖಲಿಸುತ್ತದೆ. ಕಂಪನಿ ಅದನ್ನು ಒಪ್ಪುತ್ತದೆ. ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು ಬಡ್ಡಿದರ ಕೂಗುತ್ತವೆ. ಘಟಕಕ್ಕೆ ಹಣ ಬೇಗನೆ ಸಿಗುತ್ತದೆ, ಗಡುವಿನ ದಿನ ಕಂಪನಿಯ ಖಾತೆಯಿಂದ ವಸೂಲಿಯಾಗುತ್ತದೆ. ಕಂಪನಿ ಹಣ ಕೊಡದಿದ್ದರೂ ಆ ಹೊರೆ ಪೂರೈಕೆದಾರನ ಮೇಲೆ ಮರಳುವುದಿಲ್ಲ. ದಾಖಲೆಯ ಪಡಿಯಚ್ಚು, ಹರಾಜಿನ ಪಡಿಯಚ್ಚು, ಉದ್ರಿಯ ಪಡಿಯಚ್ಚು ಮೂರೂ ಇಲ್ಲಿ ಹದವಾಗಿ ಕೂಡಿಕೊಂಡಿವೆ. ಹರಾಜಾಗುವ ವಸ್ತು ಒಪ್ಪಿತ ಬಿಲ್ಲು. ಅದರ ಗುಣಮಟ್ಟದ ಬಗ್ಗೆ ಚೀಲಕ್ಕೆ ಕೈಹಾಕಿ ನೋಡುವ ಅಗತ್ಯವಿಲ್ಲ. ತೊಡಕು ಇದ್ದದ್ದು ಕಂಪನಿಗಳನ್ನು ವೇದಿಕೆಗೆ ಕರೆತರುವುದರಲ್ಲಿ. 45 ದಿನಗಳೊಳಗೆ ಪಾವತಿಸಬೇಕೆಂಬ ಕಾನೂನು ಮೊದಲೇ ಇದ್ದರೂ ತಮ್ಮ ಬಾಕಿ ಬಯಲಾಗುವ ವ್ಯವಸ್ಥೆಗೆ ದೊಡ್ಡ ಖರೀದಿದಾರರು ತಾವಾಗಿ ಏಕೆ ಬಂದಾರು? ಕೊನೆಗೆ ಸರ್ಕಾರವೇ 250 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ನೋಂದಾಯಿಸಬೇಕೆಂದು ಆದೇಶಿಸಬೇಕಾಯಿತು. ಒಂದು ಪಕ್ಷಕ್ಕೆ ಬರುವ ಆಸೆಯೇ ಇಲ್ಲದ ಮಾದರಿಯನ್ನು ಖಾಸಗಿಯವರು ಕಟ್ಟಲು ಹೊರಟರೆ ಅಂತಹ ಆದೇಶದ ನೆರವು ಅವರಿಗೆ ದೊರೆಯುವುದಿಲ್ಲ.

ತೆರಿಗೆ ಮತ್ತು ಕಾನೂನಿನ ತುಣುಕು

ಹಣ ಹರಿಯುವ ದಾರಿಯನ್ನು ಅವಲಂಬಿಸಿ ತೆರಿಗೆಯ ಹೊಣೆಯೂ ಬದಲಾಗುತ್ತದೆ. ತಾಣವು ಮಾರಾಟದ ಹಣವನ್ನು ತಾನೇ ಸಂಗ್ರಹಿಸಿದರೆ ಸರಕು ಮತ್ತು ಸೇವಾ ತೆರಿಗೆ ಕಾನೂನಿನ ಪ್ರಕಾರ ಮೂಲದಲ್ಲಿಯೇ ತೆರಿಗೆ ಸಂಗ್ರಹಿಸಬೇಕು. 2018ರ ಅಕ್ಟೋಬರ್ 1ರಿಂದ ಶೇಕಡ 1ರಷ್ಟಿದ್ದ ಈ ದರವನ್ನು 2024ರ ಜುಲೈಯಲ್ಲಿ ಶೇಕಡ ಅರ್ಧಕ್ಕೆ ಇಳಿಸಲಾಯಿತು. ಕೇವಲ ಪರಿಚಯ ಮಾಡಿಸಿ ಚಂದಾ ಪಡೆಯುವ ತಾಣಕ್ಕೆ ಈ ಹೊಣೆ ಬರುವುದಿಲ್ಲ. ಆದಾಯ ತೆರಿಗೆಯ ಮೂಲ ಕಡಿತ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದು, 2024ರ ಅಕ್ಟೋಬರಿನಲ್ಲಿ ಶೇಕಡ 1ರಿಂದ ಶೇಕಡ 0.1ಕ್ಕೆ ಇಳಿಯಿತು. ಯೋಜನೆ ಅಂತಿಮಗೊಳಿಸುವ ಮುನ್ನ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಇಲ್ಲಿ ಬರಿಯ ಔಪಚಾರಿಕತೆಯಲ್ಲ.

ಇತರರು ಪ್ರದರ್ಶಿಸಿದ ಸರಕಿಗೆ ತಾಣದ ಹೊಣೆಯೆಷ್ಟು ಎಂಬ ಪ್ರಶ್ನೆ 2004ರ ಡಿಸೆಂಬರಿನಲ್ಲಿ ಬಾಜೀ ಡಾಟ್ ಕಾಮ್ ಮುಖ್ಯಸ್ಥರ ಬಂಧನದೊಂದಿಗೆ ದೇಶದ ಗಮನ ಸೆಳೆಯಿತು. 2008ರ ತಿದ್ದುಪಡಿಯ ನಂತರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಪ್ರಕರಣವು ಎಚ್ಚರಿಕೆ ವಹಿಸಿದ ಮಧ್ಯವರ್ತಿಗೆ ರಕ್ಷಣೆ ನೀಡುತ್ತದೆ. ಆದರೆ ತಾಣವು ಸರಕನ್ನು ತಾನೇ ಆರಿಸಿ, ದರ ಕಟ್ಟಿ, ಖಾತರಿ ನೀಡತೊಡಗಿದಷ್ಟೂ ತಾನು ಬರಿಯ ಮಧ್ಯವರ್ತಿಯೆಂದು ವಾದಿಸುವುದು ಕಷ್ಟವಾಗುತ್ತದೆ.

ಕಾಗದದ ಮೇಲೆ ಒಂದು ಲೆಕ್ಕ

ಈ ಪಡಿಯಚ್ಚುಗಳನ್ನು ಜೋಡಿಸುವ ಬಗೆಯನ್ನು ಕಲ್ಪಿತ ಉದಾಹರಣೆಯೊಂದರಿಂದ ನೋಡಬಹುದು. ಬೆಳಗಾವಿ-ಹುಬ್ಬಳ್ಳಿ ಭಾಗದ ಸಣ್ಣ ಯಂತ್ರಕಾರ್ಯ ಘಟಕಗಳ ಕೂಟವೊಂದು, ಬಿಡುವಿರುವ ಸಿಎನ್‌ಸಿ ಯಂತ್ರಗಳಿಗೆ ಪುಣೆ, ಕೊಲ್ಹಾಪುರ, ಚೆನ್ನೈಗಳಿಂದ ಜಾಬ್‌ವರ್ಕ್ ತರಿಸುವ ತಾಣವನ್ನು ಆರಂಭಿಸುತ್ತದೆಂದು ಭಾವಿಸೋಣ. ಇಬ್ಬರು ತಪಾಸಣಾ ಎಂಜಿನಿಯರುಗಳು, ಒಬ್ಬ ಗುಮಾಸ್ತ, ತಾಣದ ನಿರ್ವಹಣೆ, ಓಡಾಟ ಎಲ್ಲ ಸೇರಿ ತಿಂಗಳ ಖರ್ಚು 2,40,000 ರೂಪಾಯಿ.

ಮೊದಲ ಯೋಜನೆ ಕಮಿಷನ್. ತಿಂಗಳಿಗೆ 30 ಹೊಸ ಪರಿಚಯಗಳು, ಸರಾಸರಿ ಆರ್ಡರ್ 1 ಲಕ್ಷ, ಕಮಿಷನ್ ಶೇಕಡ 3. ಮೊದಲ ತಿಂಗಳ ಆದಾಯ 90,000. ಪ್ರತಿ ಸಂಬಂಧವೂ ಪ್ರತಿ ತಿಂಗಳು ಒಂದು ಆರ್ಡರ್ ತರುತ್ತದೆಂದು ಹಿಡಿದರೆ ಎರಡನೆಯ ತಿಂಗಳು 60 ಆರ್ಡರು, ಮೂರನೆಯ ತಿಂಗಳು 90 ಆರ್ಡರು, ಆದಾಯ 2,70,000. ಮೂರೇ ತಿಂಗಳಲ್ಲಿ ಲಾಭ! ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಗಳಲ್ಲಿ ಇಂತಹ ಕೋಷ್ಟಕಗಳು ಬಹಳ ಅಂದವಾಗಿ ಕಾಣುತ್ತವೆ. ಆದರೆ ಮರುಆರ್ಡರುಗಳೆಲ್ಲ ನೇರವಾಗಿ ನಡೆದುಹೋದರೆ ಮೂರನೆಯ ತಿಂಗಳೂ ಆದಾಯ 90,000, ಹನ್ನೆರಡನೆಯ ತಿಂಗಳೂ 90,000. ತಿಂಗಳಿಗೆ ಒಂದೂವರೆ ಲಕ್ಷದ ಕೊರತೆ ಹಾಗೆಯೇ ನಿಲ್ಲುತ್ತದೆ. ಸೇವೆ ಉತ್ತಮವಾಗಿದ್ದಷ್ಟೂ, ಅಂದರೆ ಕೂಡಿಸಿದ ಜೋಡಿಗಳು ಒಳ್ಳೆಯವಾದಷ್ಟೂ, ಸೋರಿಕೆ ಹೆಚ್ಚು ಎಂಬುದು ಇಲ್ಲಿನ ವಿಪರ್ಯಾಸ.

ಎರಡನೆಯ ಯೋಜನೆಯಲ್ಲಿ ಕೂಟವು ಹಿಂದಿನ ಪ್ರಶ್ನೆಯನ್ನು ಕೇಳಿಕೊಳ್ಳುತ್ತದೆ. ಪರಿಚಯವಾದ ನಂತರವೂ ಚೆನ್ನೈನ ಖರೀದಿದಾರನಿಗೆ ಏನು ಬೇಕು? ಪ್ರತಿ ಲಾಟು ಲಾರಿಗೆ ಏರುವ ಮುನ್ನ ಅಳತೆ ಸರಿಯಿದೆಯೇ ಎಂದು ನೋಡುವ ಮೂರನೆಯ ಕಣ್ಣು ಬೇಕು. ಅವನೇ ಒಬ್ಬ ಎಂಜಿನಿಯರನ್ನು ರೈಲು ಹತ್ತಿಸಿ ಕಳಿಸುವ ಖರ್ಚಿಗಿಂತ 1,500 ರೂಪಾಯಿಯ ತಪಾಸಣಾ ಶುಲ್ಕ ಅಗ್ಗ. ಈ ಅಗತ್ಯ ಹತ್ತನೆಯ ಆರ್ಡರಿಗೂ ಉಳಿಯುತ್ತದೆ. ಆದ್ದರಿಂದ ಕಮಿಷನ್ ಕೈಬಿಟ್ಟು, ಹೊಸ ಪರಿಚಯಕ್ಕೆ 1,500 ರೂಪಾಯಿಯ ನಿಗದಿತ ಶುಲ್ಕ, 200 ಸದಸ್ಯ ಘಟಕಗಳಿಂದ ತಿಂಗಳಿಗೆ 600 ರೂಪಾಯಿ ಚಂದಾ, ಪ್ರತಿ ತಪಾಸಣೆಗೆ 1,500 ರೂಪಾಯಿ ಎಂದು ಗೊತ್ತುಪಡಿಸಲಾಗುತ್ತದೆ. ಮೂರನೆಯ ತಿಂಗಳಲ್ಲಿ ಚಾಲ್ತಿಯಲ್ಲಿರುವ 90 ಸಂಬಂಧಗಳ ಪೈಕಿ ಅರ್ಧದಷ್ಟು ತಪಾಸಣೆ ಕೇಳಿದರೆ 67,500; ಚಂದಾ 1,20,000; ಪರಿಚಯ ಶುಲ್ಕ 45,000. ಒಟ್ಟು 2,32,500. ಇನ್ನೂ 7,500 ರೂಪಾಯಿ ಕೊರತೆಯಿದೆ. ಆದರೆ ಸಂಬಂಧಗಳು ಹೆಚ್ಚಿದಂತೆ ತಪಾಸಣೆಗಳೂ ಹೆಚ್ಚುವುದರಿಂದ ಈ ಕೊರತೆ ಕರಗುವ ಸ್ವರೂಪದ್ದು, ಮೊದಲ ಯೋಜನೆಯದು ಕರಗದ ಸ್ವರೂಪದ್ದು. ಖರೀದಿದಾರರು ಟ್ರೆಡ್ಸ್‌ನಲ್ಲಿ ನೋಂದಾಯಿತರಾಗಿದ್ದರೆ ಹಣದ ಭರವಸೆಗೆ ಕೂಟವು ತನ್ನದೇ ವ್ಯವಸ್ಥೆ ಕಟ್ಟಬೇಕಾಗಿಲ್ಲ.

ಈ ಲೆಕ್ಕದ ದುರ್ಬಲ ಕೊಂಡಿ ಚಂದಾ. 200 ಘಟಕಗಳು ಮೊದಲ ದಿನವೇ ತಿಂಗಳಿಗೆ 600 ರೂಪಾಯಿ ತೆರುತ್ತವೆಂದು ಹಿಡಿಯುವುದು ಅತಿ ಆಶಾವಾದ. ಖರೀದಿದಾರರು ಕಾಣದ ತಾಣಕ್ಕೆ ಚಂದಾ ಯಾರೂ ಕೊಡುವುದಿಲ್ಲ. ಆರಂಭದ ಆರು ತಿಂಗಳು ಚಂದಾ ಮನ್ನಾ ಮಾಡಿ, ಘಟಕಗಳ ಯಂತ್ರಪಟ್ಟಿ ಹಾಗೂ ಬಿಡುವಿನ ಗಂಟೆಗಳನ್ನು ಮೊದಲು ತುಂಬಿಸಿಕೊಳ್ಳಬೇಕಾಗುತ್ತದೆ. ಮನ್ನಾ ಮಾಡಿದರೆ ಆ ಅವಧಿಗೆ ತಿಂಗಳಿಗೆ 1,20,000ದಂತೆ 7,20,000 ರೂಪಾಯಿಯನ್ನು ಬಂಡವಾಳವೆಂದೇ ಎತ್ತಿಡಬೇಕು. ಮೊದಲ ಎರಡು ತಿಂಗಳು ತಪಾಸಣೆಗಳೂ ಕಡಿಮೆಯಿರುವುದರಿಂದ ನಿಜವಾದ ಮೊತ್ತ ಇದಕ್ಕೂ ಹೆಚ್ಚೇ ಆಗುತ್ತದೆ.

ತಪಾಸಣೆಯ ಪಡಿಯಚ್ಚನ್ನು ಆರಿಸಿದ ಕೂಟವು ಕರಾರಿನಲ್ಲಿ ಮತ್ತೊಂದು ಸಂಗತಿಯನ್ನು ಇತ್ಯರ್ಥಪಡಿಸಿಕೊಳ್ಳಬೇಕು. ಕೂಟದ ಎಂಜಿನಿಯರು ಸರಿಯೆಂದು ಸಹಿ ಮಾಡಿದ 400 ಶಾಫ್ಟುಗಳ ಪೈಕಿ 60ನ್ನು ಚೆನ್ನೈನ ಕಾರ್ಖಾನೆ ತಿರಸ್ಕರಿಸಿದರೆ, ಕಚ್ಚಾಮಾಲು, ಮರುಸಾಗಣೆ ಮತ್ತು ಮರುಕೆಲಸದ ಖರ್ಚನ್ನು ಭರಿಸುವವರು ಯಾರು? ಘಟಕವೇ ಎಂದರೆ ಖರೀದಿದಾರನಿಗೆ ತಪಾಸಣೆಯ ಮೇಲೆ ಭರವಸೆ ಉಳಿಯುವುದಿಲ್ಲ. ಕೂಟವೇ ಪೂರ್ತಿ ಎಂದರೆ 1,500 ರೂಪಾಯಿ ಶುಲ್ಕ ಅದಕ್ಕೆ ಸಾಲದು. ಹೊಣೆಯನ್ನು ತಪಾಸಣಾ ಶುಲ್ಕದ ಇಂತಿಷ್ಟು ಪಟ್ಟಿಗೆ ಮಿತಿಗೊಳಿಸಿ, ಅಳತೆಯ ಉಪಕರಣ ಹಾಗೂ ನಕ್ಷೆಯ ಆವೃತ್ತಿ ಸಂಖ್ಯೆಯನ್ನು ವರದಿಯಲ್ಲಿ ನಮೂದಿಸುವುದು ವ್ಯವಹಾರದಲ್ಲಿ ಸಾಧ್ಯವಾದ ನಡುದಾರಿ. ಆ ಮಿತಿಯನ್ನು ಮೊದಲ ಲಾಟು ಹೊರಡುವ ಮುನ್ನವೇ ಮೂರೂ ಪಕ್ಷಗಳು ಸಹಿ ಮಾಡಿದ ಕಾಗದದಲ್ಲಿ ಬರೆಯಬೇಕಾಗುತ್ತದೆ.